ನನ್ನ ರಕ್ತದಲ್ಲಿಲ್ಲದ ಪ್ರೋಟೀನು

ಗಜೇಂದ್ರಗಡದಲ್ಲಿ ಯಾರಾದರೂ ನನ್ನ ಕೆಲಸದ ಬಗ್ಗೆ ಕೇಳಿದರೆ 'ಸೀಸೆ ತೊಳೀತೀನ್ರಿ' ಎಂದುಬಿಡುವುದು ನನ್ನ ಹಳೆಯ ಚಟ. ಅದು ಅರ್ಧ ನಿಜ. ಉಳಿದರ್ಧ ಹೇಳಲು ಹೊರಟರೆ ಕೇಳಿದವರು ಚಹಾ ತರಿಸಿ ಮಾತು ಬದಲಿಸುತ್ತಾರೆ. ನೀವಾದರೂ ಕೇಳಿ. ನಮ್ಮ ಪ್ರಯೋಗಾಲಯದಲ್ಲಿ ಇಲಿಯ ಜಾತಿಯ ಒಂದು ಪ್ರಾಣಿಯ ಜೀವಕೋಶಗಳಿಗೆ ಮನುಷ್ಯನ ಜೀನ್ ಒಂದನ್ನು ಸೇರಿಸಿ, ಗುಲಾಬಿ ಬಣ್ಣದ ದ್ರವದಲ್ಲಿ ಬೆಳೆಸುತ್ತೇವೆ. ಅವು ಆ ದ್ರವದೊಳಗೆ ಒಂದು ಪ್ರೋಟೀನು ಬಿಡುತ್ತವೆ. ಕುತ್ತಿಗೆಯ ಥೈರಾಯ್ಡ್ ಗ್ರಂಥಿಯ ಹಾರ್ಮೋನನ್ನು ರಕ್ತದಲ್ಲಿ ಹೊತ್ತು ತಿರುಗುವ ಪ್ರೋಟೀನು ಅದು. ಅದನ್ನು ಸೋಸಿ, ಶುದ್ಧ ಮಾಡಿ, ಸಂಶೋಧಕರ ಕೈಗೆ ಕೊಡುವುದು ನನ್ನ ಪಾಲಿನ ಕೆಲಸ.

ಈ ಕೋಶಗಳಿಗೆ ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಹೊತ್ತಿಗೆ ಸರಿಯಾಗಿ ಊಟದ ದ್ರವ ಬದಲಾಯಿಸದಿದ್ದರೆ ಸತ್ತೇ ಹೋಗುತ್ತವೆ. ಅಕ್ಕನ ಮಗಳ ಸೀಮಂತದ ಕುಬಸಕ್ಕೆ ನಾನು ಹೋಗದಿದ್ದದ್ದು ಅವುಗಳ ಹೊಟ್ಟೆಯ ಚಿಂತೆಯಿಂದ. ಅಕ್ಕ ಎಸ್‌ಟಿಡಿ ಅಂಗಡಿಯಿಂದ ಫೋನು ಮಾಡಿ, "ನಿನ್ನ ಸೀಸೇದವು ಉಂಡ್ವೇನೋ ತಮ್ಮಾ?" ಎಂದು ಕೇಳಿದ್ದಳು.

ಅಕ್ಕ ಮಗ್ಗದವಳು. ನಮ್ಮ ಓಣಿಯಲ್ಲಿ ಸೀರೆಯ ಒಡಲಿಗೆ ಸೆರಗು ಕೂಡಿಸುವುದಿದ್ದರೆ ಅವಳನ್ನೇ ಕರೆಯುತ್ತಿದ್ದರು. ಒಡಲಿನ ಒಂದೊಂದು ಎಳೆಗೂ ಸೆರಗಿನ ರೇಷ್ಮೆ ಎಳೆಯನ್ನು ಕೊಂಡಿ ಹಾಕಿ ಸಿಕ್ಕಿಸಬೇಕು. ಸಾವಿರಾರು ಎಳೆ. ಬೆರಳು ಚೂರು ಅಲುಗಿದರೂ ಕೆಲಸ ಕೆಟ್ಟಿತು. ಒಂದು ವರ್ಷ ಅವಳಿಗೆ ಸುಸ್ತು ಹೆಚ್ಚಾಗಿ ದವಾಖಾನೆಗೆ ಹೋದಳು. ಪರೀಕ್ಷೆಯಲ್ಲಿ ಹಾರ್ಮೋನು ಕಡಿಮೆ ಬಂತು, ಗುಳಿಗೆ ಶುರುವಾಯಿತು. ಮತ್ತೆ ಪರೀಕ್ಷೆ, ಮತ್ತೆ ಕಡಿಮೆ, ಗುಳಿಗೆ ಜಾಸ್ತಿ. ವರ್ಷ ತುಂಬುವುದರೊಳಗೆ ಎದೆ ಹೊಡೆದುಕೊಳ್ಳತೊಡಗಿತು, ನಿದ್ದೆ ಹೋಯಿತು, ಕೈ ನಡುಗತೊಡಗಿತು.

ನಾನು ಊರಿಗೆ ಹೋದಾಗ ರಿಪೋರ್ಟಿನ ಹಾಳೆ ಚಾಚಿದಳು. "ನೀ ಅದರಾಗ ಇದ್ದಾಂವ, ಸ್ವಲ್ಪ ನೋಡು ತಮ್ಮಾ. ಕೈ ಯಾಕ ಹಿಂಗ ನಡಗ್ತಾವ?"

ನಾನು ನಿಂತಲ್ಲೇ ಅಂಕಿ ನೋಡಿದೆ. "ಡಾಕ್ಟರ್ ಹೇಳಿದ್ದು ಖರೇ ಐತಿ. ಗುಳಿಗಿ ಬಿಡಬ್ಯಾಡ," ಎಂದು ದೊಡ್ಡ ಪಂಡಿತನಂತೆ ಹೇಳಿ, ಕೋಶಗಳು ಹಸಿದಿರುತ್ತವೆಂದು ಬಸ್ಸಿಗೆ ಓಡಿದೆ.

ನನ್ನ ಪಾಂಡಿತ್ಯ ಎಂಥದೆಂದು ಕೇಳಿ. ಪ್ರಯೋಗಾಲಯಕ್ಕೆ ಬಂದ ಅತಿಥಿಗಳಿಗೆ ನಾನೇ ಸೀಮೆಸುಣ್ಣ ಹಿಡಿದು ವಿವರಿಸುತ್ತಿದ್ದೆ: ರಕ್ತದಲ್ಲಿ ಹಾರ್ಮೋನು ಬಹುಪಾಲು ಈ ಪ್ರೋಟೀನಿನೊಳಗೆ, ರೋಣಕ್ಕೆ ಹೋಗುವ ಬಸ್ಸಿನಲ್ಲಿ ಕೂತ ಮಂದಿಯಂತೆ ಕೂತಿರುತ್ತದೆ. ಕೆಲಸ ಮಾಡುವವರು ಬಸ್ಸಿಳಿದ ಕೆಲವರು ಮಾತ್ರ. ಹಳೇ ಪರೀಕ್ಷೆ ಕೂತವರನ್ನೂ ಇಳಿದವರನ್ನೂ ಕೂಡಿಸಿ ಎಣಿಸುತ್ತದೆ. ಬಸ್ಸೇ ಕಡಿಮೆಯಿದ್ದರೆ ಲೆಕ್ಕ ಕಡಿಮೆ ಬರುತ್ತದೆ. ಇಳಿದವರು ಬೇಕಾದಷ್ಟಿದ್ದರೂ ರೋಗವೆಂದು ತಿಳಿಯುವ ಅಪಾಯವಿದೆ. ಅತಿಥಿಗಳು ತಲೆದೂಗುತ್ತಿದ್ದರು. ಇಷ್ಟೆಲ್ಲ ಬಲ್ಲವನಿಗೆ ಅಕ್ಕನ ಹಾಳೆ ನೋಡುವಾಗ ಒಂದಕ್ಷರವೂ ನೆನಪಾಗಲಿಲ್ಲ.

ಕೋಶಗಳು ಮಾಡಿದ ಪ್ರೋಟೀನನ್ನು ಹೋಲಿಸಿ ನೋಡಲು ಆರೋಗ್ಯವಂತ ಮನುಷ್ಯನ ರಕ್ತ ಬೇಕು. ನಮ್ಮಲ್ಲಿ ಆಗ ಇದ್ದ ರೂಢಿಯೆಂದರೆ, ಎದುರಿಗೆ ಸಿಕ್ಕವರು ಅಂಗಿಯ ತೋಳು ಮಡಚಿ ರಕ್ತ ಕೊಡುವುದು. ಒಂದು ದಿನ ನನ್ನ ಸರದಿ ಬಂತು. ಪರೀಕ್ಷೆಯ ಹಾಳೆಯ ಮೇಲೆ ಕೋಶಗಳ ಪ್ರೋಟೀನು ದಪ್ಪ ಕಪ್ಪು ಗೆರೆಯಾಗಿ ಮೂಡಿತು; ನನ್ನ ರಕ್ತದ ಜಾಗ ಬೆಳ್ಳಗಿತ್ತು. ರಾಸಾಯನಿಕವನ್ನು ಬೈದೆ, ಮಾರಿದವನನ್ನು ಬೈದೆ, ಮೂರು ಸಲ ಮಾಡಿದೆ. ಕೊನೆಗೆ ನಮ್ಮ ಮುಖ್ಯಸ್ಥೆ ಬಂದು ನೋಡಿದರು.

"ರಾಸಾಯನಿಕದ ತಪ್ಪಲ್ರಿ ಇದು. ನಿಮ್ಮ ರಕ್ತದಾಗ ಈ ಪ್ರೋಟೀನ್ ಹುಟ್ಟಿನಿಂದ್ಲೇ ಇಲ್ಲ. ನಿಮಗೇನೂ ತ್ರಾಸ ಇಲ್ಲ ಬಿಡ್ರಿ. ಇದು ಮನೆತನದಾಗ ಬರ್ತದ. ಅಕ್ಕ ತಂಗಿ ಅದಾರೇನು?"

ನಗು ಬಂತು. ವರ್ಷಗಟ್ಟಲೆ ಸೀಸೆ ತುಂಬ ಮಾಡಿ ಹಂಚಿದವನ ಮೈಯಲ್ಲೇ ಅದಿಲ್ಲ! ಅಕ್ಕನ ಕೈ ನೆನಪಾಗಿ ಆ ನಗು ಅಲ್ಲೇ ನಿಂತಿತು.

ಅಕ್ಕನನ್ನು ಕರೆಸಿ ರಕ್ತ ನೋಡಿಸಿದೆವು. ಅವಳಲ್ಲಿ ಬಸ್ಸುಗಳು ಅರ್ಧದಷ್ಟೇ ಇದ್ದವು. ಹಾರ್ಮೋನಿನ ಕೊರತೆ ಮೊದಲಿನಿಂದಲೂ ಇರಲಿಲ್ಲವೆಂದು ಇನ್ನೊಬ್ಬ ಡಾಕ್ಟರು ಗುಳಿಗೆ ಬಿಡಿಸಿದರು. ಎರಡು ತಿಂಗಳಲ್ಲಿ ಕೈ ಶಾಂತವಾಯಿತು. ಆದರೆ ನಡುಗುವ ಕೈಗೆ ಇನ್ನು ನೇಯ್ಗೆ ಆಗದೆಂದು ಮಗ್ಗವನ್ನು ಅದಾಗಲೇ ಬಿಚ್ಚಿ ಪುರ್ತಗೇರಿ ಊರಿನ ಬೀಗರಿಗೆ ಕೊಟ್ಟಾಗಿತ್ತು.

ನೋಡಲು ಹೋದೆ. ನೇಯುವಾಗ ಕಾಲಿಳಿಸುವ ಮಗ್ಗದ ಕುಣಿ ಮುಚ್ಚಿ ನೆಲ ಸಾರಿಸಿದ್ದರು. ಅದರ ಮೇಲೆಯೇ ಅಕ್ಕ ಕೂತಿದ್ದಳು. ಎರಡೂ ಕೈ ಮುಂದೆ ಚಾಚಿದಳು.

"ನೋಡು, ಒಂದ್ ಚೂರೂ ಅಲಗಂಗಿಲ್ಲ. ಈಗ ಏನ್ ಕೆಲಸ ಕೊಡ್ಲಿ ಇವುಕ್ಕ?"

"ಅಕ್ಕಾ, ಅವತ್ತ ನಾ ಕುಂತು ನೋಡಬೇಕಾಗಿತ್ತು," ಎಂದೆ.

"ಇರಲಿ ಬಿಡು. ನಿನ್ನವು ಹಸದಿದ್ವು." ಕೈಗಳನ್ನು ಮಡಿಲಿಗೆ ಎಳೆದುಕೊಂಡು ಕೇಳಿದಳು, "ಇವತ್ತ ಎಷ್ಟಕ್ಕೈತಿ ಬಸ್ಸು?"

"ಇವತ್ತ ಹೋಗಂಗಿಲ್ಲ."

ಆ ಸೀಸೆಯ ಕೋಶಗಳು ಅವತ್ತು ಉಪವಾಸ ಸತ್ತವು. ಅಕ್ಕ ಎದ್ದು ರೊಟ್ಟಿ ಬಡಿಯಲು ಕೂತಳು. ಒಂದರ ಅಂಚೂ ಹರಿಯಲಿಲ್ಲ. ಅವಳೆದುರು ಕೂತು ನಾಲ್ಕು ತಿಂದೆ.