ಉಂಡ ಮೇಲೂ ಹಸಿದಿದ್ದ ಅತ್ತೆ

ದ್ಯಾಮವ್ವ ತಾಯಿಯನ್ನು ನಂಬಿದ ಎಲ್ಲರಿಗೂ ಹತ್ತಿಮತ್ತೂರಿನ ನೀಲವ್ವ ಮಾಡುವ ಶರಣು. ಅತ್ತೆಗೆ ಅನ್ನ ಹಾಕದ ಸೊಸೆ ಎಂದು ನಮ್ಮ ಓಣಿಯೆಲ್ಲ ಆಡಿಕೊಂಡದ್ದು ನನ್ನನ್ನೇ.

ಎರಡು ವರ್ಷದ ಹಿಂದೆ, ಉಗಾದಿ ಮುಗಿದ ಮೇಲೆ ಇದು ಶುರುವಾಯಿತು. ನಮ್ಮ ಅತ್ತೆ ಗಂಗವ್ವ ರೊಟ್ಟಿ, ಝುಣಕ, ಅನ್ನ ಉಂಡು ಕೈ ತೊಳೆದ ಸ್ವಲ್ಪ ಹೊತ್ತಿಗೇ ಎದುರು ಮನೆಯ ಹೊಸ್ತಿಲಲ್ಲಿ ಕುಳಿತು, ಮುಂಜಾನೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ ಎನ್ನುತ್ತಿದ್ದರು. ಆ ಮನೆಯವರು ಮರುಗಿ ರೊಟ್ಟಿ ಕೊಟ್ಟರೆ ಅದನ್ನೂ ತಿನ್ನುತ್ತಿದ್ದರು. ನಳದ ಹತ್ತಿರ ನಾನು ಕೊಡ ಇಟ್ಟರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಒಬ್ಬಳು ನನಗೆ ಕೇಳಿಸಲೆಂದೇ ಅಂದಳು: "ಎಮ್ಮಿಗೆ ಹಿಂಡಿ ತಪ್ಪಂಗಿಲ್ಲ ನೋಡವಾ, ಅತ್ತಿಗಷ್ಟ ರೊಟ್ಟಿ ತಪ್ಪತೈತಿ."

ನಮ್ಮ ಯಜಮಾನರು ಮೊದಮೊದಲು ಇದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ದಿನಾ ಬುಟ್ಟಿಯ ಅರಿವೆ ಸರಿಸಿ ರೊಟ್ಟಿ ನೋಡತೊಡಗಿದರು. ಅದಕ್ಕಿಂತ ಹೊಡೆದಿದ್ದರೆ ತಾಳಿಕೊಳ್ಳುತ್ತಿದ್ದೆ. ತಡಸಕ್ಕೆ ಕೊಟ್ಟ ನಾದಿನಿ ಕಸ್ತೂರಿ ಬಂದವಳೇ ಪಡಸಾಲೆಯಲ್ಲಿ ನಿಂತು ಅಣ್ಣನಿಗೆ ಹೇಳಿದಳು: "ಈಕೀನ್ನ ಹಿರೇಕೆರೂರಿಗೆ, ಅವರಪ್ಪನ ಮನಿಗೆ ಬಿಟ್ಟ ಬಾ. ಅವ್ವ ಸತ್ತ ಮ್ಯಾಲ ಬೇಕಾರ ಕರ್ಕೊಂಡ ಬಾ."

ಯಜಮಾನರು ನೋಡೋಣ ಎಂದು ಚಪ್ಪಲಿ ಮೆಟ್ಟಿ ಹೊರಗೆ ಹೋದರು.

ಆ ಶುಕ್ರವಾರ ದ್ಯಾಮವ್ವನ ಗುಡಿಯಲ್ಲಿ ಸೆರಗೊಡ್ಡಿದೆ. ಖರೇ ಏನೆಂಬುದು ಎಲ್ಲರ ಕಣ್ಣಿಗೆ ಕಾಣಲಿ, ನಿನ್ನ ಉಡಿ ತುಂಬುತ್ತೇನೆ ಎಂದು ಬೇಡಿಕೊಂಡೆ. ಬೇರೇನೂ ಕೇಳಲಿಲ್ಲ.

ತಾಯಿ ಅದನ್ನು ಕಸ್ತೂರಿಯ ಕೈಯಿಂದಲೇ ಮಾಡಿಸಿದಳು. ನಾನು ಅನ್ನ ಹಾಕದೆ ಉಪವಾಸ ಕೆಡವಿದ್ದು ಡಾಕ್ಟರ ಬಾಯಿಂದಲೇ ಬರಲಿ ಎಂದು ಅವಳು ಅತ್ತೆಯನ್ನು ಸವಣೂರಿನ ದವಾಖಾನೆಗೆ ಕರೆದುಕೊಂಡು ಹೊರಟಳು. ಯಜಮಾನರೂ ನಾನೂ ಅದೇ ಬಸ್ಸು ಹತ್ತಿದೆವು. ನನ್ನ ಪಕ್ಕದ ಸೀಟು ಖಾಲಿ ಇದ್ದರೂ ಯಜಮಾನರು ನಿಂತೇ ಬಂದರು.

ಡಾಕ್ಟರು ತೂಕ, ರಕ್ತ ನೋಡಿದರು. ಹಿಂದಿನ ಸಲಕ್ಕಿಂತ ತೂಕವೂ ಏರಿತ್ತು, ಸಕ್ಕರೆಯೂ ಏರಿತ್ತು. "ಉಪವಾಸ ಎಲ್ಲೀದ್ರಿ, ಡಬಲ್ ಊಟ ಆಗೇತಿ" ಎಂದರು. ಆಮೇಲೆ ಅತ್ತೆಗೆ ಮೂರು ಸಾಮಾನಿನ ಹೆಸರು ಹೇಳಿ, ಸ್ವಲ್ಪ ಬಿಟ್ಟು ಅವನ್ನೇ ಕೇಳಿದರು. ಅತ್ತೆ, ನನಗ್ಯಾರು ಹೇಳಿದ್ದಾರೆ ಎಂದು ಡಾಕ್ಟರನ್ನೇ ದಬಾಯಿಸಿದರು. ಮೆದುಳಿನ ಸ್ಕ್ಯಾನ್ ಮಾಡಿಸಿರಿ ಎಂದು ಡಾಕ್ಟರು ಹುಬ್ಬಳ್ಳಿಗೆ ಚೀಟಿ ಕೊಟ್ಟರು.

ಹುಬ್ಬಳ್ಳಿಯಲ್ಲಿ ಅತ್ತೆಯ ಕಿವಿಯ ಬೆಂಡೋಲೆ ಬಿಚ್ಚಿಸಿ ಕೊಳವೆಯಂಥ ಮೆಷಿನ್ನಿನೊಳಗೆ ಮಲಗಿಸಿದರು. ಅದರ ಬಡಿತ ಹೊರಗೂ ಕೇಳುತ್ತಿತ್ತು. ಆಮೇಲೆ ಅಲ್ಲಿಯ ಡಾಕ್ಟರು ಪರದೆಯ ಮೇಲೆ ಚಿತ್ರ ತೋರಿಸಿ, ಕಿವಿಯ ನೇರಕ್ಕೆ ಒಳಗಡೆ ಹೊಸ ನೆನಪು ಕೂಡಿಡುವ ಜಾಗ ವಯಸ್ಸಿಗೆ ಮೀರಿ ಸೊರಗಿದೆ ಎಂದರು. ಬರೀ ಚಿತ್ರ ನೋಡಿ ಹೇಳುತ್ತಿಲ್ಲ, ಪರೀಕ್ಷೆಗಳೂ ಅದನ್ನೇ ಹೇಳುತ್ತಿವೆ, ಮರೆವಿನ ರೋಗ ಇನ್ನೂ ಮೊದಲ ಹಂತದಲ್ಲಿದೆ, ಗುಳಿಗೆಯಿಂದ ನಿಧಾನವಾದೀತು, ವಾಸಿಯಾಗುವುದಿಲ್ಲ ಎಂದರು.

"ಉಂಡಿದ್ದು ಹೊಟ್ಟಿಗೆ ಹೊಕ್ಕೈತಿ, ತಲ್ಯಾಗ ಉಳಿದಿಲ್ಲ. ಸುಳ್ಳ ಹೇಳಾಕತ್ತಿಲ್ಲ ಅವರು. ಅವರ ಪಾಲಿಗೆ ಅವರು ಉಂಡೇ ಇಲ್ಲ" ಎಂದರು ಡಾಕ್ಟರು.

ಯಜಮಾನರು ಗೋಡೆಗೆ ಮುಖ ಮಾಡಿ ನಿಂತರು. ಕಸ್ತೂರಿ ನನ್ನತ್ತ ತಿರುಗಿ, "ಗುಡ್ಯಾಗ ಸೆರಗೊಡ್ಡಿ ಬೇಡಿದ್ಯಲ್ಲ, ನಿನ್ನ ಹರಕಿನ ನಮ್ಮವ್ವನ ತಲಿ ತಿಂತು" ಎಂದಳು. ಅವತ್ತಿನಿಂದ ಅವಳು ನನ್ನ ಕೈಯ ನೀರು ಕುಡಿದಿಲ್ಲ.

ಆ ಮಾತು ಬಹಳ ದಿನ ಕೊರೆಯಿತು. ಉಡಿ ತುಂಬಲು ಹೋದಾಗ ತಾಯಿಯ ಮುಖ ನೋಡುವ ಧೈರ್ಯವಾಗಲಿಲ್ಲ. ಆದರೆ ರೋಗ ನನ್ನ ಹರಕೆಗಿಂತ ಮೊದಲೇ ಬಂದಿತ್ತು. ತಾಯಿ ತೋರಿಸಿಕೊಟ್ಟಳು, ಅಷ್ಟೇ.

ಈಗ ಯಜಮಾನರೇ ಬಡಿಸಿ, ಎದುರು ಕುಳಿತು ಅವ್ವನಿಗೆ ಉಣ್ಣಿಸುತ್ತಾರೆ. ಎದುರು ಮನೆಯವರು ರೊಟ್ಟಿ ಕೊಡದೆ ಅತ್ತೆಯ ಕೈ ಹಿಡಿದು ತಂದು ಬಿಡುತ್ತಾರೆ. ತಪ್ಪಾಯಿತು ಎಂದವರು ಒಬ್ಬರೂ ಇಲ್ಲ. ನಳದ ಹತ್ತಿರ ನನ್ನ ಕೊಡಕ್ಕೆ ಜಾಗ ಬಿಡುತ್ತಾರೆ, ಅದೇ ಬಂತು.

ಮೊನ್ನೆ ಅತ್ತೆ ತಮ್ಮ ಮಗನನ್ನೇ "ಯಾರಪಾ ನೀ?" ಎಂದು ಕೇಳಿದರು. ಯಜಮಾನರು ತಾಟು ಬಿಟ್ಟು ಎದ್ದು ಹಿತ್ತಲಿಗೆ ಹೋದರು. ನನ್ನನ್ನು ಮಾತ್ರ ಅತ್ತೆ ಇನ್ನೂ ಮರೆತಿಲ್ಲ. ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವ ಹಾಗೆ, "ನೀಲವ್ವ ನನ್ನ ಉಪವಾಸ ಕೆಡವ್ಯಾಳ" ಎಂದು ಕೂಗುತ್ತಾರೆ. ಒಲೆಯ ಮುಂದೆಯೇ ಕೈ ಜೋಡಿಸುತ್ತೇನೆ. ಇವತ್ತೂ ನನ್ನ ಗುರುತು ಅವರಲ್ಲಿ ಇಟ್ಟೆಯಲ್ಲ ತಾಯಿ, ನಾಳೆಯೂ ಬೈಯಿಸು.