ಗೂಟದ ಮೇಲಿನ ಸ್ವೆಟರ್

ನನ್ನ ಭಾವ ತೂಕದ ಯಂತ್ರ ರಿಪೇರಿ ಮಾಡುವವರು. ಕಾರಿನ ಹಿಂದಿನ ಸೀಟಿನಲ್ಲಿ ತೂಕದ ಬಟ್ಟುಗಳ ಪೆಟ್ಟಿಗೆ, ಮುಂದಿನ ಸೀಟಿನಲ್ಲಿ ನನ್ನ ಅಕ್ಕ, ಅವಳ ಕಾಲ ಬಳಿ ಕ್ಯಾಮೆರಾ. ಅಂಗಡಿಯಿಂದ ಅಂಗಡಿಗೆ, ಊರಿಂದ ಊರಿಗೆ ಹೋಗುವ ದಾರಿಯಲ್ಲಿ ಹಾಳುಬಿದ್ದ ಕಟ್ಟಡ ಕಂಡರೆ ಸಾಕು, ಬ್ರೇಕು ತಾನಾಗಿ ಬೀಳುತ್ತಿತ್ತು. ಮುಚ್ಚಿದ ಗಿರಣಿ, ಚಾವಣಿ ಕುಸಿದ ಸ್ಕೂಲು, ಯಾರೂ ಇಳಿದುಕೊಳ್ಳದ ಲಾಡ್ಜು. ಒಳಗೆ ಜನ ಬಿಟ್ಟುಹೋದ ಬಾಚಣಿಗೆ, ಒಂಟಿ ಚಪ್ಪಲಿ, ಕನ್ನಡಕದ ಡಬ್ಬಿ ಎಲ್ಲದರ ಫೋಟೋ ತೆಗೆಯುತ್ತಿದ್ದರು. ಅಕ್ಕ ಕಾರಿನಲ್ಲೇ ಕೂತು, "ಹಾಳೂರಿಗೆ ಉಳಿದವನೇ ಗೌಡ. ಹೋಗಿ, ದರ್ಬಾರು ಮುಗಿಸ್ಕೊಂಡು ಬನ್ನಿ," ಅನ್ನುತ್ತಿದ್ದಳು.

ಭಾವನಿಗೆ ಒಂದು ಹಟ. ಯಾವ ಫೋಟೋ ಎಲ್ಲಿಯದು ಅಂತ ಯಾರಿಗೂ ಹೇಳುತ್ತಿರಲಿಲ್ಲ, ಫೋಟೋದ ಹಿಂದೆ ಬರೆಯುತ್ತಲೂ ಇರಲಿಲ್ಲ. ಒಮ್ಮೆ ಒಂದು ಜಾಗದ ಹೆಸರು ಬಾಯಿಬಿಟ್ಟಿದ್ದಕ್ಕೆ ಮುಂದಿನ ವಾರವೇ ಅಲ್ಲಿನ ಕಿಟಕಿ ಬಾಗಿಲೆಲ್ಲ ಕಳುವಾಗಿದ್ದವಂತೆ. "ಎಲ್ಲಾ ತಲೇಲಿದೆ," ಅನ್ನುತ್ತಿದ್ದರು. ಕಾರಿನ ಕೀ ಎಲ್ಲಿಟ್ಟೆ ಅನ್ನುವುದೇ ಆ ತಲೆಯಲ್ಲಿ ನಿಲ್ಲುವುದಿಲ್ಲ ಅಂತ ಮನೆಯವರಿಗೆಲ್ಲ ಗೊತ್ತಿತ್ತು.

ಹೋದ ವರ್ಷ ಒಬ್ಬ ಟೈಲರ್ ಹೆಂಗಸು ಮನೆ ಹುಡುಕಿಕೊಂಡು ಬಂದರು. ಕೈಯಲ್ಲಿ ಭಾವ ಯಾವುದೋ ಅಂಗಡಿಯವರಿಗೆ ಕೊಟ್ಟಿದ್ದ ಫೋಟೋ. ಸುಣ್ಣ ಉದುರಿದ ಗೋಡೆ, ಗೂಟಕ್ಕೆ ತೂಗುಹಾಕಿದ ನೀಲಿ ಸ್ವೆಟರ್, ಅದರ ಒಂದು ತೋಳು ಮಾತ್ರ ಹಸಿರು.

"ಉಲ್ಲನ್ ಸಾಲದೆ ಹಸಿರು ಹಾಕಿದ್ದು ನಾನೇ, ಸಾರ್. ನನ್ನ ತಮ್ಮಂದು. ಅಪ್ಪನ ಹತ್ರ ಜಗಳ ಆಡ್ಕೊಂಡು ಹೋದೋನು, ಒಂಬತ್ತು ವರ್ಷ ಆಯ್ತು. ಇದ್ದಾನೋ ಇಲ್ವೋ ಅಂತಾನೂ ಗೊತ್ತಿಲ್ಲ. ಇದು ಎಲ್ಲಿ ತೆಗೆದಿದ್ದು?"

ಭಾವ ಫೋಟೋ ತಿರುಗಿಸಿದರು. ಹಿಂದೆ ಏನೂ ಇರಲಿಲ್ಲ. ಕಣ್ಣು ಮುಚ್ಚಿದರು, ಹಣೆ ಉಜ್ಜಿಕೊಂಡರು. "ಮರ ಕೊಯ್ಯೋ ಮಿಲ್ಲು ಅದು... ಎರಡು ವರ್ಷದ ಹಿಂದೆ. ರಸ್ತೆ ಯಾವುದು ಅಂತ..." ಆಕೆ ಅವರ ಬಾಯನ್ನೇ ನೋಡುತ್ತ ನಿಂತಿದ್ದರು. ನನಗೆ ಭಾವನ ಮೇಲೆ ಕೆಟ್ಟ ಸಿಟ್ಟು ಬಂತು.

ಅಷ್ಟರಲ್ಲಿ ಅಕ್ಕ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು. "ಮರದ ಮಿಲ್ಲಾ? ಅವತ್ತು ನಾನು ಮುನಿಸ್ಕೊಂಡು ಕಾರಿಂದ ಇಳಿದು ನಡೆದುಬಿಟ್ಟಿದ್ನಲ್ರೀ! ಮುರಿದ ಸೇತುವೆ ದಾಟಿ ಎಡಕ್ಕೆ." ಅಕ್ಕನಿಗೆ ರಸ್ತೆ ಮರೆಯುವುದಿಲ್ಲ. ಒಂದೊಂದು ತಿರುವಿಗೂ ಭಾವನ ಒಂದೊಂದು ತಪ್ಪನ್ನು ನೆನಪಿಟ್ಟುಕೊಂಡಿದ್ದಾಳೆ.

ಮರುದಿನ ಬೆಳಿಗ್ಗೆ ನಾಲ್ಕೂ ಜನ ಹೊರಟೆವು. ಮಿಲ್ಲಿನ ಗೇಟಿಗೆ ತುಕ್ಕು ಹಿಡಿದಿತ್ತು. ಒಳಗೆ ಗೋಡೆ ಇತ್ತು, ಗೂಟ ಇತ್ತು, ಸ್ವೆಟರ್ ಇರಲಿಲ್ಲ. "ಯಾರೋ ಹೊತ್ಕೊಂಡು ಹೋಗಿದಾರೆ," ಅಂದರು ಭಾವ. ಟೈಲರಮ್ಮ ಹೊಸ್ತಿಲ ಮೇಲೆ ಕುಸಿದು ಕೂತರು. ಅವರನ್ನು ಏಳಿಸುವ ಮನಸ್ಸು ಯಾರಿಗೂ ಆಗಲಿಲ್ಲ.

ಹಿತ್ತಲಲ್ಲಿ ಬಕೆಟ್ ಸದ್ದಾಯಿತು. ತೆಳ್ಳಗಿನ ಒಬ್ಬ ಗಂಡಸು ನೀರು ಹೊತ್ತುಕೊಂಡು ಬಂದ. ಮೈಮೇಲೆ ಅದೇ ಸ್ವೆಟರ್. ಮಿಲ್ಲು ಮುಚ್ಚಿದರೂ ಕಾವಲು ಬಿಡು ಅಂತ ಯಾರೂ ಹೇಳದ್ದರಿಂದ ಒಳಕೋಣೆಯಲ್ಲೇ ಉಳಿದುಕೊಂಡಿದ್ದ ವಾಚ್‌ಮನ್ ಅವನು.

"ಅಕ್ಕಾ," ಅಂದ. ಬಕೆಟ್ ಕೆಳಗಿಡುವುದನ್ನೂ ಮರೆತಿದ್ದ. ಟೈಲರಮ್ಮ ಎದ್ದು ಅವನ ಭುಜಕ್ಕೆರಡು ಗುದ್ದಿ, ಆಮೇಲೆ ಅಪ್ಪಿಕೊಂಡು ಜೋರಾಗಿ ಅತ್ತರು. ನನ್ನ ಅಕ್ಕನೂ ಅತ್ತಳು. ನಾನೂ ಅತ್ತೆ.

ಸ್ವಲ್ಪ ಹೊತ್ತಾದ ಮೇಲೆ ಅವನು ಗೇಟಿನ ಹೊರಗೆ ನಿಂತಿದ್ದ ಕಾರನ್ನು ನೋಡಿದ.

"ಈ ಕಾರು ಮುಂಚೆ ಒಂದ್ಸಲ ಬಂದಿತ್ತು," ಅಂದ. "ಅವತ್ತು ಜ್ವರ, ಒಳಗೆ ಮಲಗಿದ್ದೆ. ಹೆಜ್ಜೆ ಸಪ್ಪಳ ಕೇಳ್ತು. ಮನೆಯಿಂದ ಯಾರೋ ನನ್ನ ಹುಡುಕ್ಕೊಂಡು ಬಂದ್ರು ಅಂದ್ಕೊಂಡು ಗೋಡೆ ಹಿಡ್ಕೊಂಡು ಎದ್ದು ಬಂದೆ. ಅಷ್ಟರಲ್ಲಿ ಕಾರು ಹೊರಟುಬಿಟ್ಟಿತ್ತು."

ಭಾವ ತಲೆ ತಗ್ಗಿಸಿದರು. "ಯಾರೂ ಇಲ್ಲ ಅಂದ್ಕೊಂಡೆ ಕಣಪ್ಪಾ."

"ಒಂದ್ಸಲ ಕೂಗಿ ನೋಡಬಹುದಿತ್ತಲ್ಲ, ಸಾರ್," ಅಂದ ಅವನು.