ಗುಣವಾದವಳ ಮೊಣಕಾಲು

ನಮ್ಮ ಭಾವನವರು, ಎಂದರೆ ನನ್ನ ಗಂಡನ ಅಣ್ಣ, ಮಾರುವ ಎಣ್ಣೆಯ ಸೀಸೆಯ ಮೇಲೆ ನನ್ನ ಎರಡು ಫೋಟೋಗಳಿವೆ. ಒಂದರಲ್ಲಿ ಮೊಣಕಾಲು ಹಿಡಿದುಕೊಂಡು ಮುಖ ಕಿವುಚಿದ್ದೇನೆ. ಕೆಳಗೆ ‘ಮೊದಲು’ ಎಂದಿದೆ. ಇನ್ನೊಂದರಲ್ಲಿ ಇಳಕಲ್ ಸೀರೆಯುಟ್ಟು ನೆಟ್ಟಗೆ ನಿಂತು ನಗುತ್ತಿದ್ದೇನೆ. ಕೆಳಗೆ ‘ಈಗ’ ಎಂದಿದೆ. ಎರಡನ್ನೂ ಒಂದೇ ಮಧ್ಯಾಹ್ನ ಹಿತ್ತಲಲ್ಲಿ ತೆಗೆದದ್ದು. ನಡುವೆ ಸೀರೆ ಬದಲಿಸಿದ್ದಷ್ಟೇ.

ಸುಳ್ಳು ಹೇಳಿದೆ ಅನ್ನಬೇಡಿ. ಆಗ ನನ್ನ ಕಾಲು ನಿಜಕ್ಕೂ ಹಗುರಾಗಿತ್ತು. ಬಾದಾಮಿಯಿಂದ ಅಕ್ಕ ಬಂದು ಶ್ರಾವಣವಿಡೀ ನಮ್ಮಲ್ಲಿದ್ದಳು. ನೆಲ ಒರೆಸುವುದು, ರೊಟ್ಟಿ ಬಡಿಯುವುದು, ಬಟ್ಟೆ ಹಿಂಡುವುದು ಎಲ್ಲಾ ಅವಳದೇ. ಸಂಜೆ ನನ್ನ ಕಾಲಿಗೆ ಭಾವನವರ ಎಣ್ಣೆ ತಿಕ್ಕುವವಳೂ ಅವಳೇ. ನೋವು ಇಳಿಯಿತು. ಎಣ್ಣೆಯಿಂದಲೋ ಅಕ್ಕನಿಂದಲೋ ಎಂದು ಕೇಳುವ ಬುದ್ಧಿ ಯಾರಿಗೂ ಬರಲಿಲ್ಲ.

“ಗುಣ ಆತೇನ?” ಎಂದು ನನ್ನ ಗಂಡ ಕೇಳಿದರು.

“ಆತ್ರಿ” ಎಂದೆ. ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ಅಕ್ಕ ಊರಿಗೆ ಹೋದಳು, ನೋವು ತಿರುಗಿ ಬಂತು. ಅಷ್ಟರಲ್ಲಿ ಲೇಬಲ್ಲು ಅಚ್ಚಾಗಿ ಬಂದಿತ್ತು.

ಭಾವನವರು ಕೆಟ್ಟವರಲ್ಲ. ಔಡಲ ಎಣ್ಣೆಗೆ ಬೆಳ್ಳುಳ್ಳಿ, ಅಜವಾನ, ಕರ್ಪೂರ ಹಾಕಿ ಹಿತ್ತಲ ಒಲೆಯ ಮೇಲೆ ತಾವೇ ಕುದಿಸುತ್ತಾರೆ. ಸೊಂಟನೋವು, ತಲೆನೋವು, ಹೊಟ್ಟೆಯುಬ್ಬರ, ಕೆಮ್ಮು, ಕೂದಲುದುರುವುದು, ಎಲ್ಲಕ್ಕೂ ಅದೇ ಎಣ್ಣೆ. ತಮ್ಮ ನೆತ್ತಿಗೂ ದಿನಾ ನಂಬಿಕೆಯಿಂದ ತಟ್ಟಿಕೊಳ್ಳುತ್ತಾರೆ. ನೆತ್ತಿಯ ಮೇಲೆ ಕೂದಲಿಲ್ಲ ಎಂಬುದು ಬೇರೆ ಮಾತು. ಅವರ ಅಜ್ಜನ ಪೆಟ್ಟಿಗೆಯಲ್ಲಿ ಬ್ರಿಟಿಷರ ಕಾಲದ ವಿಲಾಯತಿ ಔಷಧದ ತಗಡಿನ ಡಬ್ಬಿಯೊಂದಿದೆ. ಅದರ ಮೇಲೂ ಗುಣವಾದ ಒಬ್ಬ ದೊರೆಸಾನಿಯ ಚಿತ್ರ. ಅದನ್ನು ತೋರಿಸಿ ನನ್ನ ಗಂಡನಿಗೆ ಹೇಳುತ್ತಿದ್ದರು:

“ಎಣ್ಣಿ ಮಾರೂದು ನಾವಲ್ಲೋ ತಮ್ಮಾ, ಗುಣ ಆದವರ ಮಾರಿ.”

ಆ ಮಾರಿ, ಆ ಮುಖ, ನನ್ನದಾಯಿತು. ಅಲ್ಲಿಂದ ನನಗೆ ಕುಂಟುವ ಹಕ್ಕು ಹೋಯಿತು. ಮನೆಯ ಮುಂದೆಯೇ ಅಂಗಡಿ. ಹೊಸ್ತಿಲು ದಾಟಿದರೆ ಗಿರಾಕಿಗಳ ಕಣ್ಣು. ಗುಡಿಗೆ ಹೋದರೆ “ಎಣ್ಣಿ ಅಕ್ಕಾರು ಬಂದ್ರು” ಎಂದು ಹೆಂಗಸರು ನನ್ನ ಮುಖ ಬಿಟ್ಟು ಕಾಲನ್ನೇ ನೋಡುವರು. ಬಾಗಲಕೋಟೆಯ ದವಾಖಾನೆಗೆ ಕರೆದೊಯ್ಯಿರಿ ಎಂದು ಗಂಡನನ್ನು ಕೇಳಿದೆ.

“ಅಲ್ಲಿ ಅರ್ಧಾ ಇಳಕಲ್ಲ ಮಂದೀನ ಕುಂತಿರ್ತೈತಿ. ನೀ ಅಲ್ಲಿ ಕಂಡಿ ಅಂದ್ರ ಅಣ್ಣನ ಅಂಗಡಿ ಬಾಗಲಾ ಹಾಕಿದಂಗ” ಎಂದರು.

ನೋವು ತಿರುಗಿ ಬಂದದ್ದನ್ನು ಭಾವನವರಿಗೇ ಹೇಳೋಣವೆಂದರೆ, ಅವರ ಎದುರು ನಾನು ಮಾತಾಡುವ ರೂಢಿ ನಮ್ಮಲ್ಲಿಲ್ಲ.

ಸಂಶಯದ ಗಿರಾಕಿಗಳನ್ನು ಅವರು ಒಳಗೆ ಕಳಿಸುತ್ತಿದ್ದರು. ನಾನು ನೆಲಕ್ಕೆ ಕುಳಿತು ಎದ್ದು ತೋರಿಸಬೇಕು. ಕಂಬದ ಪಕ್ಕ ಕುಳಿತು, ಸೆರಗು ಸರಿಪಡಿಸುವ ನೆಪದಲ್ಲಿ ಕಂಬ ಹಿಡಿದು, ಹಲ್ಲು ಕಚ್ಚಿ “ಸಂಗಮನಾಥಾ” ಎಂದು ಏಳುತ್ತಿದ್ದೆ. ನೋಡಿದವರು ನನ್ನ ಭಕ್ತಿಯನ್ನು ಕೊಂಡಾಡಿ ಸೀಸೆ ಒಯ್ಯುತ್ತಿದ್ದರು. ಕಂಬವೊಂದಿತ್ತಲ್ಲ, ಅದೂ ದೇವರು ಕೊಟ್ಟಿದ್ದೇ.

ಒಂದು ಬೆಳಿಗ್ಗೆ ಪಡಸಾಲೆಯ ನಡುವೆ ಕುಳಿತು ಜೋಳ ಹಸನು ಮಾಡುತ್ತಿದ್ದೆ. ಹುನಗುಂದದ ಕಡೆಯ ಮುದುಕಿಯೊಬ್ಬಳು ಬಂದಳು. ಜೊತೆಗೆ ಬಂದ ಮಗಳು ಅಂಗಡಿಯಲ್ಲಿ ಭಾವನವರ ಮಾತು ಕೇಳುತ್ತ ನಿಂತಳು. ಮುದುಕಿ ನನ್ನೆದುರು ಕುಳಿತು, ಕೇಳದೇ ಮೊರಕ್ಕೆ ಕೈ ಹಾಕಿದಳು.

“ನೀನ ಏನ ತಂಗಿ, ಸೀಸೆದಾಗಿನಾಕಿ?”

“ಹೂನ್ರಿ ಯವ್ವಾ.”

“ಫೋಟೋದಾಗ ಸಣ್ಣಾಕಿ ಕಾಣ್ತಿ.”

“ಸೀಸೆ ಸಣ್ಣದೈತಲ್ರಿ.”

ಮುದುಕಿ ನಕ್ಕಳು. “ಎಲ್ಲಿ, ಎದ್ದು ತೋರಸು ನೋಡೂಣು.”

ಕಂಬ ಅವತ್ತು ಕೈಗೆ ದೂರ. “ನೀವು ಮೊದಲ ಏಳ್ರಿ, ಮ್ಯಾಲೆ ಕುಂಡ್ರರಿ, ಚಾ ಮಾಡತೇನಿ.”

“ನಾ ಎದ್ರ ಚಾ ಹೆಂಗ ಆಗ್ತೈತಿ? ನೀ ಎದ್ರ ಆಗ್ತೈತಿ.”

“ಇವಿಷ್ಟು ಕಾಳು ಮುಗೀಲ್ರಿ.”

ಕಾಳು ಮುಗಿದವು. ಹಸನಾದದ್ದನ್ನೇ ಮತ್ತೊಮ್ಮೆ ಹಸನು ಮಾಡಿದೆವು. ಅವಳೂ ಏಳಲಿಲ್ಲ, ನಾನೂ ಏಳಲಿಲ್ಲ. ಕೊನೆಗೆ ಮುದುಕಿ ಅಂಗಡಿಯ ಕಡೆ ನೋಡಿ ದನಿ ತಗ್ಗಿಸಿದಳು.

“ನಿನಗೂ ಏಳಾಕ ಬರಂಗಿಲ್ಲ, ಹೌದಿಲ್ಲ?”

ಎಲ್ಲರೂ ಗುಣ ಆತೇನ್ರಿ ಎಂದೇ ಕೇಳುತ್ತಿದ್ದರು. ಹೀಗೆ ಕೇಳಿದವರು ಯಾರೂ ಇರಲಿಲ್ಲ. ಹೌದೆಂದು ತಲೆಯಾಡಿಸಿದೆ.

“ಹುಚ್ಚಿ! ನನ್ನೂ ಕುಂಡ್ರಿಸಿಕೊಂಡು ಕುಂತೀಯಲ್ಲ!” ಎಂದು ನಗುತ್ತ ಬೈದಳು. ಒಬ್ಬರ ಹೆಗಲು ಒಬ್ಬರು ಹಿಡಿದು, ಇಬ್ಬರೂ “ಶಿವನೇ” ಎಂದು ಹೇಗೋ ಎದ್ದೆವು.

ಎಣ್ಣೆ ತಿಕ್ಕಿದರೆ ಬೆಚ್ಚಗಾಗುತ್ತದೆ, ಅಷ್ಟೇ ಎಂದು ಹೇಳಿದೆ. ತನಗೆ ಊರಿನ ಡಾಕ್ಟರು ಬಾಗಲಕೋಟೆಯ ಎಲುಬಿನ ಡಾಕ್ಟರ ಹತ್ತಿರ ಹೋಗು ಎಂದಿದ್ದಾರೆ, ಅಂಜಿಕೆಗೆ ಇಲ್ಲಿಗೆ ಬಂದೆ ಎಂದು ಅವಳೂ ಹೇಳಿದಳು. ಆಮೇಲೆ ನೇರ ಅಂಗಡಿಗೆ ಹೋಗಿ ದೊಡ್ಡ ದನಿಯಲ್ಲಿ ಶುರು ಮಾಡಿದಳು:

“ಸಾವಕಾರ್ರ, ನಿಮ್ಮ ತಮ್ಮನ ಹೆಂಡತೀನ್ನ ನನ್ನ ಜೋಡಿ ಬಾಗಲಕೋಟಿಗೆ ಕಳಸ್ರಿ. ಗುಣ ಆದಾಕಿ ಬಾಜೂಕಿದ್ರ ನನಗ ಧೈರ್ಯಾ. ಆ ಡಾಕ್ಟರನೂ ಈಕಿ ಕಾಲು ನೋಡಲಿ, ನಿಮ್ಮ ಎಣ್ಣಿ ಅಂದ್ರ ಏನಂತ ತಿಳೀಲಿ!”

ಭಾವನವರ ಎದೆ ಉಬ್ಬಿತು. “ಒಯ್ಯವ್ವಾ, ಅವಶ್ಯ ಒಯ್ಯಿ” ಎಂದರು.

ಹೀಗೆ, ನನ್ನ ಕಾಲು ಇನ್ನೊಬ್ಬರ ಕಾಲಿನ ಜೊತೆಯಾಗಿ ದವಾಖಾನೆ ಕಂಡಿತು. ಡಾಕ್ಟರು ಎಕ್ಸ್‌ರೇ ನೋಡಿ, ಕೀಲು ಸವೆದಿದೆ ಎಂದರು. ಗುಳಿಗೆ ಬರೆದುಕೊಟ್ಟು, “ನೆಲದ ಮೇಲೆ ಕೂರಲೇಬೇಡಿ ಅಮ್ಮಾ” ಎಂದರು. ನನಗೆ ನಗು ತಡೆಯಲಾಗಲಿಲ್ಲ. ಮನೆಯಲ್ಲಿ ನನ್ನ ಕೆಲಸವೇ ಅದು.

ತಿರುಗಿ ಬಂದಾಗ ಭಾವನವರು ಪಡಸಾಲೆಯಲ್ಲಿ ಕಾಯುತ್ತಿದ್ದರು. “ಡಾಕ್ಟರ ಏನಂದ್ರಂತ ಕೇಳೋ” ಎಂದು ನನ್ನ ಗಂಡನಿಗೆ ಹೇಳಿದರು. ಗಂಡ ಕೇಳುವ ಮೊದಲೇ ಬಾಗಿಲ ಮರೆಯಿಂದ ನಾನೇ ಅಂದುಬಿಟ್ಟೆ: “ಸವದೈತಿ ಅಂದ್ರು. ಮೊದಲಿನಕಿಂತ ಜಾಸ್ತಿ ಐತಿ. ನೆಲಕ್ಕ ಕೂಡಬ್ಯಾಡ ಅಂದ್ರು.”

ಭಾವನವರು ನೆತ್ತಿ ಸವರಿಕೊಂಡರು. ಆಮೇಲೆ ತಮ್ಮನಿಗೆ ಮೆಲ್ಲಗೆ ಹೇಳಿದರು: “ಆಕಿಗೊಂದು ಕುರ್ಚಿ ತಂದುಕೊಡು. ಮಂದಿ ಬಂದಾಗ ಅಷ್ಟ ನೆಲಕ್ಕ ಕೂಡ್ಲಿ.”

“ಮಂದಿ ದಿನಾ ಬರ್ತಾರ್ರಿ” ಎಂದೆ.

ಕುರ್ಚಿ ಬಂತು. ಪಡಸಾಲೆಯಲ್ಲಿಟ್ಟರೆ ಗಿರಾಕಿಗಳು ಏನಂದಾರು ಎಂದು ಅದನ್ನು ದೇವರ ಕೋಣೆಯಲ್ಲಿಟ್ಟರು. ಅಲ್ಲಿಗೆ ಹೊರಗಿನವರು ಬರುವಂತಿಲ್ಲ. ಈಗ ಅದರ ಮೇಲೆ ಕುಳಿತೇ ಪೂಜೆ ಮಾಡುತ್ತೇನೆ, ಕಾಲು ಚಾಚಿಕೊಂಡು. ಪೂಜೆ ಮೊದಲಿಗಿಂತ ಉದ್ದವಾಗಿದೆ. ನನ್ನ ಭಕ್ತಿ ಹೆಚ್ಚಾಯಿತು ಎಂದು ಮನೆಯವರು ಅನ್ನುತ್ತಾರೆ. ಹೆಚ್ಚಾದದ್ದೂ ನಿಜವೇ. ಯಾರೋ ನೋಡಲು ಬಂದಿದ್ದಾರೆ ಎಂದು ಹೊರಗಿನಿಂದ ಕರೆ ಬರುವ ತನಕ ನಾನು ಅಲ್ಲಿಂದ ಏಳುವುದಿಲ್ಲ.